ಮನೆಯಂಗಳದ ದ್ರಾಕ್ಷಿ: ಎಲೆ ತುಂಬಿದ ಚಪ್ಪರದಲ್ಲಿ ಗೊಂಚಲೇಕಿಲ್ಲ?

ಚಿಕ್ಕಬಳ್ಳಾಪುರದ ಮನೆಗಳಿಗೆ ಕೈತೋಟದ ಸಲಹೆಗೆಂದು ಹೋದಾಗ ಹೆಚ್ಚಾಗಿ ಕೇಳಿಬರುವ ದೂರು ಒಂದೇ: ಬಳ್ಳಿ ನೆಟ್ಟು ಮೂರು ವರ್ಷವಾಯಿತು, ಚಪ್ಪರವೆಲ್ಲ ಮುಚ್ಚಿಹೋಗಿದೆ, ಕಾಯಿ ಮಾತ್ರ ಕಟ್ಟುತ್ತಿಲ್ಲ. ಗೊಬ್ಬರ ಸಾಲದೇನೋ ಎಂದು ಮನೆಯವರು ಅಷ್ಟರಲ್ಲಿ ಇನ್ನೊಂದು ಬುಟ್ಟಿ ಕೊಟ್ಟಿಗೆ ಗೊಬ್ಬರ ಹಾಕಿರುತ್ತಾರೆ, ಅದರಿಂದ ಎಲೆ ಇನ್ನಷ್ಟು ದಟ್ಟವಾಗಿರುತ್ತದೆ. ಬಹುಪಾಲು ಮನೆಗಳಲ್ಲಿ ಕೊರತೆಯಿರುವುದು ಗೊಬ್ಬರದ್ದಲ್ಲ, ಕತ್ತರಿಯದ್ದು.

ಚಳಿ ದೇಶಗಳಲ್ಲಿ ದ್ರಾಕ್ಷಿ ಬಳ್ಳಿ ಎಲೆಯುದುರಿಸಿ ಕೆಲವು ತಿಂಗಳು ಮಲಗಿ, ಬಿಸಿಲೇರಿದಾಗ ಮತ್ತೆ ಚಿಗುರುತ್ತದೆ. ನಮ್ಮ ಕಡೆ ಅಷ್ಟು ಚಳಿಯಿಲ್ಲದ್ದರಿಂದ ಅದು ವರ್ಷವಿಡೀ ತುದಿಯಲ್ಲಿ ಬೆಳೆಯುತ್ತಲೇ ಇರುತ್ತದೆ ಮತ್ತು ತುದಿ ಬೆಳೆಯುತ್ತಿರುವವರೆಗೆ ಹಿಂದಿನ ಕಣ್ಣುಗಳು, ಅಂದರೆ ಕಡ್ಡಿಯ ಗೆಣ್ಣಿನಲ್ಲಿರುವ ಮೊಗ್ಗುಗಳು, ಹೆಚ್ಚಾಗಿ ಒಡೆಯುವುದಿಲ್ಲ. ಅವು ಒಡೆಯಬೇಕಾದರೆ ತುದಿಯನ್ನು ಕತ್ತರಿಸಬೇಕು. ಗೊಂಚಲು ಬರುವುದೋ ಹಿಂದಿನ ಹಂಗಾಮಿನಲ್ಲಿ ಬಲಿತ ಕಡ್ಡಿಯ ಕಣ್ಣಿನಿಂದ ಹೊಸದಾಗಿ ಹೊರಟ ಚಿಗುರಿನಲ್ಲಿ. ಅಂಥ ಒಂದು ಚಿಗುರನ್ನು ಹತ್ತಿರದಿಂದ ನೋಡಿದರೆ, ಕೆಳಗಿನ ಗೆಣ್ಣುಗಳಲ್ಲಿ ಎಲೆಯ ಎದುರು ಬದಿಗೆ ಪುಟ್ಟ ಹಸಿರು ಹೂಗೊಂಚಲು ಕಾಣುತ್ತದೆ. ಮೇಲಿನ ಗೆಣ್ಣುಗಳಲ್ಲಿ ಅದೇ ಜಾಗದಲ್ಲಿ ತಂತಿಗೆ ಸುತ್ತಿಕೊಳ್ಳುವ ಎಳೆಯೊಂದು ಇರುತ್ತದೆ. ಇವೆರಡೂ ಹುಟ್ಟುವುದು ಒಂದೇ ಬಗೆಯ ಮೊಳಕೆಯಿಂದ. ಅದು ಗೊಂಚಲಾಗಬೇಕೋ ಸುತ್ತೆಳೆಯಾಗಬೇಕೋ ಎಂಬುದು ಹಲವು ತಿಂಗಳ ಮೊದಲೇ, ಕಣ್ಣು ಇನ್ನೂ ಕಡ್ಡಿಯ ಮೇಲೆ ರೂಪುಗೊಳ್ಳುತ್ತಿರುವಾಗಲೇ, ಬಹುಮಟ್ಟಿಗೆ ತೀರ್ಮಾನವಾಗಿರುತ್ತದೆ. ಆ ಹೊತ್ತಿನಲ್ಲಿ ಕಡ್ಡಿಗೆ ಬಿಸಿಲು ತಾಗದಿದ್ದರೆ ಮುಂದೆ ಸಿಗುವುದು ಸುತ್ತೆಳೆಗಳೇ.

ಮನೆಗೆ ನಾನು ಹೇಳುವ ತಳಿ ಬೆಂಗಳೂರು ನೀಲಿ. 2013ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಈ ತಳಿ ನಮ್ಮ ಹವೆಗೆ ಒಗ್ಗಿದ್ದು, ಎಲೆ, ಕಾಯಿಗಳ ಮೇಲೆ ಕಪ್ಪು ಚುಕ್ಕೆ ಬೀಳಿಸುವ ಚಿಬ್ಬು ರೋಗವನ್ನು ಬೀಜರಹಿತ ತಳಿಗಳಿಗಿಂತ ಚೆನ್ನಾಗಿ ತಡೆದುಕೊಳ್ಳುತ್ತದೆ. ಬೀಜವಿದೆ, ಸಿಪ್ಪೆ ದಪ್ಪ, ಆದರೆ ಅದರ ಘಮ ಬೇರೆ ಯಾವುದಕ್ಕೂ ಇಲ್ಲ ಎಂಬುದು ನನ್ನ ಅಭಿಪ್ರಾಯ. ಅಂಗಡಿಯ ಹಣ್ಣಿನ ಬೀಜ ಬಿತ್ತಬಾರದು, ಅದರಲ್ಲಿ ತಾಯಿಬಳ್ಳಿಯ ಗುಣ ಉಳಿಯುವುದಿಲ್ಲ. ಸುತ್ತಲಿನ ತೋಟಗಳಲ್ಲಿ ಕಟಿಂಗ್ ನಡೆಯುವಾಗ ಬದುವಿನಲ್ಲಿ ರಾಶಿ ಬೀಳುವ ಕಡ್ಡಿಗಳಲ್ಲಿ ಪೆನ್ಸಿಲ್ ದಪ್ಪದ, ಕಂದು ಬಣ್ಣಕ್ಕೆ ತಿರುಗಿದ, ನಾಲ್ಕು ಕಣ್ಣಿರುವ ತುಂಡುಗಳನ್ನು ತೋಟದವರನ್ನು ಕೇಳಿ ತಂದು ನೆಟ್ಟರೆ ಸಾಕು.

ಬಿಸಿಲು ಬೀಳುವ ಜಾಗದಲ್ಲಿ ಏಳಡಿ ಎತ್ತರದ ಗಟ್ಟಿ ಚಪ್ಪರವಿರಲಿ. ಒಂದೇ ಕಾಂಡವನ್ನು ಗೂಟಕ್ಕೆ ಕಟ್ಟಿ ನೇರವಾಗಿ ಏರಿಸಿ, ತಂತಿಯ ಹತ್ತಿರ ತುದಿ ಚಿವುಟಿ, ಅಲ್ಲಿಂದ ಹೊರಡುವ ಎರಡು ಕವಲುಗಳನ್ನು ಎರಡು ದಿಕ್ಕಿಗೆ ಬಿಡಬೇಕು.

ಇನ್ನು ಕತ್ತರಿಯ ಕೆಲಸ. ಬೇಸಿಗೆಯ ಬೆಳೆ ಮುಗಿದು ಎರಡು ಮೂರು ವಾರ ಕಳೆದ ಮೇಲೆ, ಏಪ್ರಿಲ್ ಕೊನೆಯ ಸುಮಾರಿಗೆ, ಪ್ರತಿ ಕಡ್ಡಿಯಲ್ಲಿ ಬುಡದ ಒಂದೆರಡು ಕಣ್ಣು ಬಿಟ್ಟು ಉಳಿದದ್ದನ್ನು ಕತ್ತರಿಸಬೇಕು. ಆಮೇಲೆ ಒತ್ತಾಗಿ ಬರುವ ಹೊಸ ಚಿಗುರುಗಳನ್ನು ಆಗಿಂದಾಗಲೇ ತೆಳುಗೊಳಿಸಬೇಕು, ಮುಂದಿನ ಬೆಳೆಯ ಕಣ್ಣುಗಳು ರೂಪುಗೊಳ್ಳುವುದು ಇವುಗಳ ಮೇಲೆಯೇ. ಮಧ್ಯಾಹ್ನ ಚಪ್ಪರದಡಿ ನಿಂತಾಗ ನೆಲದ ಮೇಲೆ ಅಲ್ಲಲ್ಲಿ ಬಿಸಿಲಿನ ತುಣುಕು ಕಾಣುವಷ್ಟು ಸಂದು ಇರಬೇಕು. ಸೆಪ್ಟೆಂಬರ್ ಮತ್ತು ಅಕ್ಟೋಬರ್ ನಮ್ಮ ಜಿಲ್ಲೆಯಲ್ಲಿ ಜೋರು ಮಳೆಯ ತಿಂಗಳುಗಳಾದ್ದರಿಂದ, ಎರಡನೆಯ ಕಟಿಂಗ್ ಅನ್ನು ಮಳೆ ಹಿಂದೆ ಸರಿದ ಮೇಲೆ, ನವೆಂಬರ್‌ನಲ್ಲಿ, ಬಲಿತ ಕಡ್ಡಿಗೆ ನಾಲ್ಕೈದು ಕಣ್ಣು ಉಳಿಸಿ ಮಾಡುವುದು ಮನೆಯವರಿಗೆ ಕ್ಷೇಮ. ತೋಟದವರು ವರ್ಷಕ್ಕೆ ಎರಡು ಬೆಳೆ ತೆಗೆಯುತ್ತಾರೆ, ಆದರೆ ಮಳೆಗಾಲದ ಬೆಳೆಗೆ ಬೇಕಾಗುವ ಸಿಂಪಡಣೆಯನ್ನು ಮಕ್ಕಳು ಆಡುವ ಅಂಗಳದಲ್ಲಿ ನಾನು ಒಪ್ಪುವುದಿಲ್ಲ. ಕಣ್ಣೊಡೆಸಲು ತೋಟಗಳಲ್ಲಿ ಹಚ್ಚುವ ಹೈಡ್ರೋಜನ್ ಸೈನಮೈಡ್ ತೀವ್ರ ವಿಷ, ಅದು ಮನೆಯೊಳಗೆ ಬರಲೇಬಾರದು. ಕತ್ತರಿಸಿದ ಜಾಗದಿಂದ ನೀರು ತೊಟ್ಟಿಕ್ಕಿದರೆ ಗಾಬರಿಯಾಗಬೇಕಿಲ್ಲ. ಬೇರು ಮೇಲಕ್ಕೆ ತಳ್ಳಿದ ನೀರು ಅದು, ತಾನಾಗಿ ನಿಲ್ಲುತ್ತದೆ.

ಕುಡಿಯುವ ನೀರಿನ ಫಿಲ್ಟರ್‌ನಿಂದ ಹೊರಬೀಳುವ ನೀರನ್ನು ಬಳ್ಳಿಗೆ ಹರಿಸುವ ರೂಢಿ ಹಲವು ಮನೆಗಳಲ್ಲಿದೆ. ಕೊಳವೆಬಾವಿ ನೀರಿನ ಲವಣವೆಲ್ಲ ಅದರಲ್ಲಿ ಸಾಂದ್ರವಾಗಿರುವುದರಿಂದ ಎಲೆಯಂಚು ಸುಟ್ಟಂತಾಗುತ್ತದೆ. ಅದನ್ನು ಅಂಗಳ ತೊಳೆಯಲು ಬಳಸುವುದು ಮೇಲು.

ಎಲೆಯ ಮೇಲೆ ಎಣ್ಣೆ ಬಿದ್ದಂಥ ಹಳದಿ ಮಚ್ಚೆ, ಅದರ ಅಡಿಯಲ್ಲಿ ಬಿಳಿ ಬೂಜು ಕಂಡರೆ ಅದು ರೈತರು ಡೌನಿ ಎನ್ನುವ ರೋಗ. ಮೋಡ ಕವಿದ ದಿನಗಳಿಗೆ ಮುಂಚೆ ಶೇ. 1ರ ಬೋರ್ಡೋ ದ್ರಾವಣ ಸಿಂಪಡಿಸುವುದು ಒಳ್ಳೆಯದು. ಅರ್ಧ ಲೀಟರ್ ನೀರಿನಲ್ಲಿ 10 ಗ್ರಾಂ ಮೈಲುತುತ್ತ, ಇನ್ನರ್ಧ ಲೀಟರ್‌ನಲ್ಲಿ 10 ಗ್ರಾಂ ಸುಣ್ಣ ಬೇರೆ ಬೇರೆ ಪ್ಲಾಸ್ಟಿಕ್ ಪಾತ್ರೆಗಳಲ್ಲಿ ಕದಡಿ, ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯಬೇಕು. ಉಜ್ಜಿದ ಕಬ್ಬಿಣದ ಬ್ಲೇಡನ್ನು ಅದ್ದಿದಾಗ ತಾಮ್ರದ ಬಣ್ಣ ಹಿಡಿದರೆ ಸುಣ್ಣ ಸಾಲದು ಎಂದರ್ಥ. ತಯಾರಿಸಿದ ದಿನವೇ ಬಳಸಬೇಕು. ಹಣ್ಣಾಗುವ ಕಾಲದಲ್ಲಿ ಸಿಂಪಡಿಸಬಾರದು.

ದ್ರಾಕ್ಷಿ ಕಿತ್ತ ಮೇಲೆ ಸಿಹಿಯಾಗುವುದಿಲ್ಲ. ನೀಲಿ ಬಣ್ಣ ಸಿಹಿಗಿಂತ ಮೊದಲೇ ಬಂದುಬಿಡುವುದರಿಂದ ಬಣ್ಣವನ್ನಷ್ಟೇ ನಂಬಿ ಕೊಯ್ಯದೆ, ಗೊಂಚಲಿನ ತುದಿಯ ಹಣ್ಣೊಂದನ್ನು ತಿಂದು ನೋಡಿ, ಹುಳಿಯಿದ್ದರೆ ಇನ್ನೊಂದು ವಾರ ಬಳ್ಳಿಯಲ್ಲೇ ಬಿಡಬೇಕು. ಅಷ್ಟರೊಳಗೆ ಹಕ್ಕಿಗಳು ಬರುವುದು ಖಚಿತವಾದ್ದರಿಂದ ಗೊಂಚಲುಗಳಿಗೆ ಹಳೆಯ ದಿನಪತ್ರಿಕೆ ಸುತ್ತಿಡುವುದು ಅನುಕೂಲ.