ಪದವೂ ತನ್ನದೇ, ಧಾಟಿಯೂ ತನ್ನದೇ: ಪ್ರತೀಕ್ ಕುಹಾಡ್ ಹಾಡಿನ ಹಿಂದಿನ ಕಥೆ

ಸಾಹಿತ್ಯವನ್ನೂ ಅದರ ಧಾಟಿಯನ್ನೂ ತಾನೇ ಕಟ್ಟುವವನಿಗೆ ನಮ್ಮಲ್ಲಿ ವಾಗ್ಗೇಯಕಾರ ಎಂಬ ಹಳೆಯ ಹೆಸರಿದೆ. ಇಂಗ್ಲಿಷಿನವರು ಸಿಂಗರ್-ಸಾಂಗ್‌ರೈಟರ್ ಎನ್ನುವುದಕ್ಕೆ ಇದಕ್ಕಿಂತ ಹತ್ತಿರದ ಪದ ಕನ್ನಡದಲ್ಲಿ ಸಿಗುವುದು ಕಷ್ಟ. ಆದರೂ ಪುರಂದರದಾಸರಿಗೆ ಸಲ್ಲುವ ಆ ಹೆಸರನ್ನು ಗಿಟಾರ್ ಹಿಡಿದು ಕೂತ ಇಪ್ಪತ್ತೆರಡರ ಹುಡುಗನಿಗೆ ಕೊಡಲು ನಾಲಿಗೆ ಹಿಂಜರಿಯುತ್ತದೆ. ಈ ಹಿಂಜರಿಕೆಗೆ ಭಕ್ತಿ ಒಂದು ಕಾರಣವಾದರೆ, ಕಳೆದ ಶತಮಾನದಲ್ಲಿ ನಾವು ಹಾಡನ್ನು ಮೂವರ ಕೆಲಸವಾಗಿ ಹಂಚಿಬಿಟ್ಟದ್ದು ಇನ್ನೊಂದು ಕಾರಣ. ಸಿನಿಮಾದಲ್ಲಿ ಸಾಹಿತ್ಯ ಒಬ್ಬರದು, ಸಂಗೀತ ಇನ್ನೊಬ್ಬರದು, ಗಾಯನ ಮತ್ತೊಬ್ಬರದು. ಸಿನಿಮಾದ ಹಂಗಿಲ್ಲದ ಭಾವಗೀತೆಯೂ ಇದೇ ಹಾದಿಯಲ್ಲಿ ನಡೆಯಿತು. 1978ರಲ್ಲಿ ಬಂದು ಕನ್ನಡ ಸುಗಮ ಸಂಗೀತದ ಮೊದಲ ಧ್ವನಿಸುರುಳಿ ಎನಿಸಿದ ‘ನಿತ್ಯೋತ್ಸವ’ದಲ್ಲಿ ಕವಿತೆ ನಿಸಾರ್ ಅಹಮದರದು, ರಾಗಸಂಯೋಜನೆ ಮೈಸೂರು ಅನಂತಸ್ವಾಮಿಯವರದು.

ಜೈಪುರದ ಪ್ರತೀಕ್ ಕುಹಾಡ್ ಈ ಮೂರೂ ಕೆಲಸಗಳನ್ನು ಒಬ್ಬನೇ ಮಾಡಿ, ಸಿನಿಮಾದ ಹೊರಗೆ ನಿಂತು, ಅದರಿಂದಲೇ ಬದುಕು ಕಟ್ಟಿಕೊಂಡ ಕಲಾವಿದ. ಅವರ ಏಳಿಗೆಯನ್ನು ಬರಿಯ ಪ್ರತಿಭೆಯ ಕಥೆಯಾಗಿ ಹೇಳುವ ರೂಢಿಯಿದೆ. ನನಗೆ ಅದು ಅರ್ಧ ಕಥೆಯೆನಿಸುತ್ತದೆ, ಏಕೆಂದರೆ ಹಾಡು ಯಾರ ಸೊತ್ತು ಎಂಬ ಹಳೆಯ ವ್ಯಾಜ್ಯ ಹಿನ್ನೆಲೆಯಲ್ಲಿ ಇಲ್ಲದಿದ್ದರೆ ಈ ದಾರಿ ಏಕೆ ಇಷ್ಟು ತಡವಾಗಿ ತೆರೆಯಿತು ಎಂಬುದು ತಿಳಿಯುವುದಿಲ್ಲ.

ಆ ವ್ಯಾಜ್ಯಕ್ಕೆ ಸುಪ್ರೀಂ ಕೋರ್ಟು 1977ರಲ್ಲಿ ಒಂದು ತೀರ್ಪು ಕೊಟ್ಟಿತು. ನಿರ್ಮಾಪಕ ಹಣ ಕೊಟ್ಟು ತನ್ನ ಚಿತ್ರಕ್ಕೆಂದು ಬರೆಸಿದ ಹಾಡಿನ ಮೊದಲ ಒಡೆಯ, ಬೇರೆ ಒಪ್ಪಂದವಿಲ್ಲದಿದ್ದರೆ, ನಿರ್ಮಾಪಕನೇ ಎಂಬುದು ಅದರ ತಿರುಳು. ಅದೇ ತೀರ್ಪಿಗೆ ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ಪ್ರತ್ಯೇಕ ಟಿಪ್ಪಣಿಯೊಂದನ್ನು ಸೇರಿಸಿ, ನಮ್ಮ ಸಂಗೀತದಲ್ಲಿ ಹಾಡುವವರೇ ಹಾಡಿಗೆ ಜೀವ ತುಂಬುವವರಾಗಿದ್ದರೂ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಅವರಿಗೆ ಹಕ್ಕೇ ಇಲ್ಲವಲ್ಲ ಎಂದು ಅಚ್ಚರಿಪಟ್ಟಿದ್ದರು. ಹಾಡುವವರಂಥ ಪ್ರದರ್ಶನ ಕಲಾವಿದರ ಹಕ್ಕು ಕಾಯ್ದೆಗೆ ಸೇರಿದ್ದು 1994ರಲ್ಲಿ. ಬರೆದವರು ಮತ್ತು ಸ್ವರ ಹಾಕಿದವರು ತಮ್ಮ ಪಾಲಿನ ರಾಯಧನವನ್ನು ಒಪ್ಪಂದದಲ್ಲಿ ಬರೆದುಕೊಟ್ಟರೂ ಕಳೆದುಕೊಳ್ಳಲಾಗದು ಎಂಬ ತಿದ್ದುಪಡಿ ಬರಲು 2012ರವರೆಗೆ ಕಾಯಬೇಕಾಯಿತು. ಅದಕ್ಕಾಗಿ ರಾಜ್ಯಸಭೆಯ ಒಳಗೂ ಹೊರಗೂ ವಾದಿಸಿದವರಲ್ಲಿ ಗೀತರಚನೆಕಾರ ಜಾವೇದ್ ಅಖ್ತರ್ ಮುಂಚೂಣಿಯಲ್ಲಿದ್ದರು.

ಕಾನೂನು ಹೀಗೆ ತೆವಳುತ್ತಿದ್ದಾಗ ಮಾರುಕಟ್ಟೆಯಲ್ಲಿ ಒಮ್ಮೆ ಬಾಗಿಲು ತೆರೆದದ್ದುಂಟು. ತೊಂಬತ್ತರ ದಶಕದಲ್ಲಿ ಟಿವಿ ಸಂಗೀತ ವಾಹಿನಿಗಳು ಬಂದಾಗ ಸಿನಿಮಾಕ್ಕೆ ಸೇರದ ಹಾಡಿಗೂ ಒಂದು ಮುಖ ಸಿಕ್ಕಿತು. 1995ರಲ್ಲಿ ಅಲೀಶಾ ಚಿನಾಯ್, 1996ರಲ್ಲಿ ‘ಸುನೋ’ ಧ್ವನಿಸುರುಳಿಯ ಲಕ್ಕಿ ಅಲಿ, ಆಮೇಲೆ ಸಿಲ್ಕ್ ರೂಟ್ ತಂಡ ಮನೆಮಾತಾದರು. ಆದರೆ ಆ ಅಲೆ ನಿಂತಿದ್ದು ಕ್ಯಾಸೆಟ್ ಮಾರಾಟದ ಮೇಲೆ. ಎಂಪಿ3 ಮತ್ತು ನಕಲಿ ಸಿಡಿಗಳು ಬಂದ ಮೇಲೆ ಕಂಪನಿಗಳು ಪುನಃ ಚಿತ್ರಗೀತೆಯ ಭದ್ರತೆಗೇ ಮರಳಿದವು.

ನಮ್ಮ ಮೈಸೂರಿನ ರಘು ದೀಕ್ಷಿತ್ ಈ ಒಣಗಾಲವನ್ನು ಪೂರ್ತಿ ಕಂಡವರು. ಸೂಕ್ಷ್ಮಜೀವಶಾಸ್ತ್ರ ಓದಿ, ಭರತನಾಟ್ಯ ಕಲಿತು, ಅಂತರಾಗ್ನಿ ಎಂಬ ತಂಡ ಕಟ್ಟಿದ ಅವರಿಗೆ ಮೊದಲ ಆಲ್ಬಂ ತರಲು 2008ರವರೆಗೆ ಕಾಯಬೇಕಾಯಿತು. ಅದನ್ನು ಹೊರತಂದವರು ಹಿಂದಿ ಚಿತ್ರಸಂಗೀತದ ಜೋಡಿ ವಿಶಾಲ್-ಶೇಖರ್. ಎರಡು ವರ್ಷಗಳಲ್ಲಿ ಬಿಬಿಸಿಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮದವರೆಗೂ ಹೋದ ಅವರನ್ನು ನಾಡು ಗುರುತಿಸಿದ್ದು ಬಹುಮಟ್ಟಿಗೆ ಶಿಶುನಾಳ ಷರೀಫರ ಪದಗಳಿಂದ. 1889ರಲ್ಲಿ ತೀರಿಕೊಂಡ ಷರೀಫರ ಸಾಲುಗಳಿಗೆ ಇಂದು ರಾಯಧನ ಕೇಳುವವರಿಲ್ಲ ಎಂಬುದನ್ನು ತಮಾಷೆಗಾಗಿ ಮಾತ್ರ ಹೇಳುತ್ತಿಲ್ಲ. ಕನ್ನಡದಲ್ಲಿ ಗಿಟಾರ್ ಹಿಡಿದವರಿಗೆ ತತ್ವಪದ, ದಾಸರ ಪದ, ವಚನಗಳ ಕಣಜ ಕೈಗೆಟುಕುವಂತೆಯೇ ಇದೆ. ಆ ಕಣಜ ಇರುವುದರಿಂದಲೇ ತಾನೇ ಬರೆಯಬೇಕೆಂಬ ಒತ್ತಡ ಅವರಿಗೆ ಕಡಿಮೆ ಎಂಬುದು ನನ್ನ ಗುಮಾನಿ.

ರಘು ದೀಕ್ಷಿತ್, ಕುಹಾಡ್ ಇಬ್ಬರ ಸಂಗೀತಕ್ಕೂ ಅಂಟಿಸುವ ‘ಫೋಕ್’ ಎಂಬ ಮಾತನ್ನು ಇಲ್ಲಿ ತುಸು ಬಿಡಿಸಿ ನೋಡಬೇಕು. ಷರೀಫರನ್ನು ಹಾಡುವ ರಘು ದೀಕ್ಷಿತರ ವಿಷಯದಲ್ಲಿ ಅದಕ್ಕೆ ನಮ್ಮ ಜಾನಪದದ ಅರ್ಥ ಹತ್ತಿರ ಬರುತ್ತದೆ. ಕುಹಾಡರ ಇಂಡೀ ಫೋಕ್‌ಗೆ ರಾಜಸ್ಥಾನದ ಪರಂಪರಾಗತ ಹಾಡುಗಾರ ಸಮುದಾಯವಾದ ಮಾಂಗಣಿಯಾರರ ಹಾಡಿನೊಂದಿಗೆ ಅಂಥ ನಂಟೇನೂ ಇಲ್ಲ. ಅದರ ಬೇರು ಇರುವುದು ವುಡಿ ಗತ್ರಿಯಿಂದ ಬಾಬ್ ಡಿಲನ್‌ಗೆ ಇಳಿದು ಬಂದ ಅಮೆರಿಕದ ಪರಂಪರೆಯಲ್ಲಿ, ಒಂದು ಗಿಟಾರ್, ಒಂದು ದನಿ ಮತ್ತು ಎದುರಿಗಿರುವವರಿಗೆ ಹೇಳಿಕೊಳ್ಳುವಂಥ ಮಾತಿನಲ್ಲಿ. ಇಂಡೀ ಎಂದರೆ ದೊಡ್ಡ ಕಂಪನಿಯ ಹಂಗಿಲ್ಲದ್ದು.

1990ರಲ್ಲಿ ಹುಟ್ಟಿದ ಕುಹಾಡ್ ಗಣಿತ ಮತ್ತು ಅರ್ಥಶಾಸ್ತ್ರ ಓದಲು ನ್ಯೂಯಾರ್ಕ್ ವಿಶ್ವವಿದ್ಯಾಲಯಕ್ಕೆ ಹೋದವರು. ಪಶ್ಚಿಮದ ಸಿಂಗರ್-ಸಾಂಗ್‌ರೈಟರ್‌ಗಳಾದ ಎಲಿಯಟ್ ಸ್ಮಿತ್, ನಿಕ್ ಡ್ರೇಕ್, ಲಾರಾ ಮಾರ್ಲಿಂಗ್ ಇವರ ಹಾಡುಗಳು ಕಿವಿಗೆ ಬಿದ್ದದ್ದು ಅಲ್ಲಿ. ಪದವಿ ಮುಗಿಸಿ ಭಾರತಕ್ಕೆ ಮರಳಿ ದೆಹಲಿಯಲ್ಲಿ ನೆಲೆಸಿದ ಅವರು 2013ರಲ್ಲಿ ‘ರಾತ್ ರಾಝಿ’ ಎಂಬ ಹಿಂದಿ ಹಾಡುಗಳ ಕಿರು ಆಲ್ಬಂ ಹೊರತಂದರು, 2015ರಲ್ಲಿ ‘ಇನ್ ಟೋಕನ್ಸ್ ಅಂಡ್ ಚಾರ್ಮ್ಸ್’ ಎಂಬ ಇಂಗ್ಲಿಷ್ ಆಲ್ಬಂ ತಂದರು. ಅದರ ಬೆನ್ನಿಗೆ ಎಂಟಿವಿ ಯುರೋಪ್ ಪ್ರಶಸ್ತಿಗಳಲ್ಲಿ ಭಾರತದ ಅತ್ಯುತ್ತಮ ಕಲಾವಿದ ಎಂಬ ಮನ್ನಣೆ ಸಿಕ್ಕಿತು.

ಎರಡು ಭಾಷೆಗಳಲ್ಲಿ ಬರೆದರೂ ಅವರ ಹಾಡಿನ ಕಟ್ಟಣೆ ಒಂದೇ ಬಗೆಯದು. ಬಲಗೈಯ ಹೆಬ್ಬೆರಳು ಗಿಟಾರಿನ ದಪ್ಪ ತಂತಿಗಳ ಮೇಲೆ ನಡಿಗೆಯಂತೆ ತಾಳ ಹಿಡಿಯುತ್ತದೆ, ಉಳಿದ ಬೆರಳುಗಳು ಸಣ್ಣ ತಂತಿಗಳನ್ನು ಒಂದೊಂದಾಗಿ ಮೀಟುತ್ತವೆ. ದನಿ ಮೇಲಕ್ಕೇರಿ ಮೆರೆಯುವುದಿಲ್ಲ, ಪಕ್ಕದ ಕುರ್ಚಿಯಲ್ಲಿ ಕೂತವರಿಗೆ ಹೇಳಿದಷ್ಟೇ ಎತ್ತರದಲ್ಲಿ ಉಳಿಯುತ್ತದೆ. ಹಿಂದಿ ಪದಗಳೂ ಅಷ್ಟೇ: ಉರ್ದು ಶಾಯರಿಯ ಅಲಂಕಾರಗಳನ್ನು ಬದಿಗಿಟ್ಟು, ಜನ ಮನೆಯಲ್ಲಿ ಆಡುವ ಸಣ್ಣ ಸಣ್ಣ ವಾಕ್ಯಗಳು. ಈ ಸರಳತೆ ಕೆಲವೊಮ್ಮೆ ಏಕತಾನವೂ ಆಗುತ್ತದೆ. ಸತತ ಐದು ಹಾಡು ಕೇಳಿದರೆ ಒಂದೇ ಹಾಡಿನ ಐದು ಚರಣ ಕೇಳಿದಂತಾಗುತ್ತದೆ ಎಂದು ದೂರುವವರನ್ನು ನಾನು ಪೂರ್ತಿ ಅಲ್ಲಗಳೆಯಲಾರೆ.

ಆದರೆ ಆ ಆಪ್ತ ದನಿಗೆ ಹೇಳಿಮಾಡಿಸಿದಂಥ ಕಾಲವೂ ಒದಗಿ ಬಂತು. 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದು ಡೇಟಾ ದರ ಕುಸಿಯಿತು, ಹಾಡು ಕೇಳುವುದು ಒಬ್ಬೊಬ್ಬರ ಇಯರ್‌ಫೋನಿನೊಳಗಿನ ವ್ಯವಹಾರವಾಯಿತು. ಸ್ಪಾಟಿಫೈ 2019ರ ಫೆಬ್ರವರಿಯಲ್ಲಿ ಭಾರತಕ್ಕೆ ಬಂತು. ಸ್ಟ್ರೀಮಿಂಗ್‌ನಲ್ಲಿ ಒಂದು ಕೇಳುವಿಕೆಗೆ ಬರುವುದು ಪುಡಿಗಾಸು. ಮೂವರ ನಡುವೆ ಹಂಚಿದರೆ ಲೆಕ್ಕಕ್ಕೇ ಸಿಗದ ಆ ಪುಡಿಗಾಸು ಬರೆದವನು, ಸ್ವರ ಹಾಕಿದವನು, ಹಾಡಿದವನು ಒಬ್ಬನೇ ಆಗಿದ್ದು, ಧ್ವನಿಮುದ್ರಣದ ಹಕ್ಕೂ ಅವನಲ್ಲೇ ಇದ್ದಾಗ ಮಾತ್ರ ಕೂಡಿ ದುಡ್ಡಾಗುತ್ತದೆ. ಇದರ ಜೊತೆಗೆ, ಹೀಗೆ ಕೇಳಿದವರು ಟಿಕೆಟ್ ಕೊಂಡು ಕಛೇರಿಗೂ ಬರತೊಡಗಿದರು. ಸ್ವತಂತ್ರ ಗಾಯಕರ ನಿಜವಾದ ಜೀವನಾಧಾರ ವೇದಿಕೆಯೇ.

ಕುಹಾಡ್ ಸಿನಿಮಾವನ್ನು ದೂರವಿಟ್ಟವರಲ್ಲ. 2016ರ ‘ಬಾರ್ ಬಾರ್ ದೇಖೋ’ ಚಿತ್ರದ ಒಂದು ಹಾಡಿಗೆ ಜಸ್ಲೀನ್ ರಾಯಲ್ ಸಂಗೀತ ಕೊಟ್ಟರೆ ಇವರು ಸಾಹಿತ್ಯ ಬರೆದು ಅವರೊಡನೆ ಹಾಡಿದರು. 2018ರ ‘ಕಾರವಾಂ’ ಚಿತ್ರಕ್ಕೂ ಹಾಡು ಕೊಟ್ಟರು. ಆದರೆ ಅದೇ ವರ್ಷ ಅವರ ಹೆಸರನ್ನು ದೂರ ಒಯ್ದದ್ದು ಆರು ಇಂಗ್ಲಿಷ್ ಹಾಡುಗಳ ಕಿರು ಆಲ್ಬಂ ‘ಕೋಲ್ಡ್/ಮೆಸ್’. ಮುರಿದೂ ಮುರಿಯದ ಸಂಬಂಧವೊಂದರ ಆ ಶೀರ್ಷಿಕೆ ಗೀತೆಗೆ ಜಿಮ್ ಸರ್ಭ್ ಮತ್ತು ಜೋಯಾ ಹುಸೇನ್ ನಟಿಸಿದ ವಿಡಿಯೊ ಬಂತು. 2019ರ ಡಿಸೆಂಬರ್ ಕೊನೆಗೆ ಬರಾಕ್ ಒಬಾಮ ತಮ್ಮ ಆ ವರ್ಷದ ಮೆಚ್ಚಿನ ಹಾಡುಗಳ ಪಟ್ಟಿ ಪ್ರಕಟಿಸಿದಾಗ ಅದರಲ್ಲಿ ಈ ಹಾಡೂ ಇತ್ತು. ಸುದ್ದಿ ಕೇಳಿ ಎಲ್ಲರಿಗಿಂತ ಹೆಚ್ಚು ಬೆರಗಾದವರು ಕುಹಾಡರೇ.

ಮುಂದಿನ ವರ್ಷ ವೇದಿಕೆಗಳೆಲ್ಲ ಮುಚ್ಚಿದವು. ಆಗ ಬಂದ ಹಿಂದಿ ಹಾಡು ‘ಕಸೂರ್’ನ ವಿಡಿಯೊದಲ್ಲಿ ಕಥೆಯಿಲ್ಲ, ಕುಣಿತವಿಲ್ಲ. ತಮ್ಮ ತಮ್ಮ ಮನೆಯಲ್ಲಿ ಕ್ಯಾಮೆರಾ ಎದುರು ಕೂತ ಜನರ ಮುಖಗಳಷ್ಟೇ ಇವೆ: ಒಬ್ಬರು ನಕ್ಕು ಬಾಯಿ ಮುಚ್ಚಿಕೊಳ್ಳುತ್ತಾರೆ, ಇನ್ನೊಬ್ಬರ ಕಣ್ಣು ತುಂಬುತ್ತದೆ. ಅಗ್ಗದ ಖರ್ಚಿನ ಆ ಉಪಾಯ ಹಾಡಿನ ಸ್ವಭಾವಕ್ಕೆ ಎಷ್ಟು ಒಗ್ಗಿತೆಂದರೆ, ಲಾಕ್‌ಡೌನ್ ಇಲ್ಲದಿದ್ದರೂ ಅದನ್ನು ಹೀಗೆಯೇ ಮಾಡಬೇಕಿತ್ತು ಎನಿಸುತ್ತದೆ.

ಅದೇ 2020ರ ಡಿಸೆಂಬರಿನಲ್ಲಿ ಅವರು ಅಮೆರಿಕದ ಎಲೆಕ್ಟ್ರಾ ರೆಕಾರ್ಡ್ಸ್ ಜೊತೆ ಒಪ್ಪಂದ ಮಾಡಿಕೊಂಡರು. ಎಲೆಕ್ಟ್ರಾ ವಾರ್ನರ್ ಮ್ಯೂಸಿಕ್ ಬಳಗಕ್ಕೆ ಸೇರಿದ ಕಂಪನಿ. ಹಾಗಾಗಿ ಇಂಡೀ ಎಂಬ ಹಣೆಪಟ್ಟಿ ಆ ದಿನದಿಂದ ಅವರಿಗೆ ಅಕ್ಷರಶಃ ಒಪ್ಪುವುದಿಲ್ಲ. 2022ರಲ್ಲಿ ಬಂದ ‘ದ ವೇ ದಟ್ ಲವರ್ಸ್ ಡೂ’ ಪೂರ್ತಿ ಇಂಗ್ಲಿಷ್ ಆಲ್ಬಂ. ಲ್ಯುಮಿನಿಯರ್ಸ್ ತಂಡದೊಡನೆ ಕೆಲಸ ಮಾಡಿದ ರಯಾನ್ ಹ್ಯಾಡ್ಲಾಕ್ ಅದರ ನಿರ್ಮಾಪಕರು. ವಾದ್ಯಗಳು ಹೆಚ್ಚಿ ನಾದ ತುಂಬಿಕೊಂಡಿತು, ಹಳೆಯ ಕಿರು ಆಲ್ಬಂಗಳಲ್ಲಿ ಕೇಳುತ್ತಿದ್ದ ಬೆರಳಿನ ಸದ್ದು ಹಿಂದೆ ಸರಿಯಿತು. ನನ್ನ ಕಿವಿ ಇನ್ನೂ ‘ರಾತ್ ರಾಝಿ’ಯ ಕಡೆಗೇ ಹೋಗುತ್ತದೆ.

ಅಷ್ಟರಲ್ಲಿ ಅವರ ಹಿಂದೆ ಇನ್ನೊಂದು ತಲೆಮಾರು ಬಂದಾಗಿತ್ತು. ಪಂಜಾಬಿನ ಲುಧಿಯಾನಾದ ಅನುವ್ ಜೈನ್ ‘ಬಾರಿಶೇಂ’ ಹಾಡನ್ನು 2018ರಲ್ಲಿ ಬಿಡುಗಡೆ ಮಾಡಿದರು. ಅದರಲ್ಲಿಯೂ ಸಾಹಿತ್ಯ, ಸಂಗೀತ, ಗಾಯನ ಮೂರಕ್ಕೂ ಒಂದೇ ಹೆಸರಿದೆ.