ಹಳೆಯ ಖಾತೆಯ ನಂಬರುಗಳು ಹೊಸ ಖಾತೆಗೆ ಅರ್ಧವಷ್ಟೇ ಬರುವುದೇಕೆ?

ಪ್ರಶ್ನೆ: ಶಿರಸಿಯವನು. ಕೆಲಸ ಮಾಡುತ್ತಿದ್ದ ಸಂಸ್ಥೆ ಕೊಟ್ಟಿದ್ದ ಗೂಗಲ್ ಖಾತೆಯನ್ನು ನಿವೃತ್ತಿಯ ನಂತರ ಮುಚ್ಚುತ್ತಾರಂತೆ. ಅದರಲ್ಲಿರುವ ಹೆಸರು, ಫೋನ್ ನಂಬರು, ಇ-ಮೇಲ್ ವಿಳಾಸಗಳನ್ನು ನನ್ನ ಸ್ವಂತ ಜಿಮೇಲ್ ಖಾತೆಗೆ ಸಾಗಿಸಲು ನೋಡಿದೆ. ಅರ್ಧದಷ್ಟು ಜನ ಬರಲೇ ಇಲ್ಲ. ಬಂದವರಲ್ಲಿ ಕೆಲವರ ಕನ್ನಡ ಹೆಸರುಗಳು ಪ್ರಶ್ನಾರ್ಥಕ ಚಿಹ್ನೆಗಳ ಸಾಲಾಗಿವೆ. ತಪ್ಪಿದ್ದೆಲ್ಲಿ?

ಉತ್ತರ: ಸಾಗಿಸುವ ಕ್ರಮದಲ್ಲಿ ನೀವು ತಪ್ಪಿರುವ ಸಾಧ್ಯತೆ ಕಡಿಮೆ, ಏಕೆಂದರೆ ಆ ಕ್ರಮ ತೀರ ಚಿಕ್ಕದು. ಕಂಪ್ಯೂಟರಿನಲ್ಲಿ ಹಳೆಯ ಖಾತೆಯ ಮೂಲಕ ಗೂಗಲ್ ಕಾಂಟ್ಯಾಕ್ಟ್ಸ್ ತೆರೆದು, ಎಕ್ಸ್‌ಪೋರ್ಟ್ ಒತ್ತಿ, ‘ಗೂಗಲ್ ಸಿಎಸ್‌ವಿ’ (ವಿವರಗಳನ್ನು ಅಲ್ಪವಿರಾಮಗಳಿಂದ ಬೇರ್ಪಡಿಸಿ ಸಾಲುಸಾಲಾಗಿ ಇಡುವ ಪಠ್ಯ ಕಡತ) ಎಂಬ ಬಗೆಯನ್ನು ಆರಿಸಿದರೆ ಒಂದು ಕಡತ ಇಳಿಯುತ್ತದೆ. ಹೊಸ ಖಾತೆಗೆ ಪ್ರವೇಶಿಸಿ ಇಂಪೋರ್ಟ್ ಒತ್ತಿ ಅದೇ ಕಡತವನ್ನು ಕೊಟ್ಟರೆ ಮುಗಿಯಿತು. ಒಂದು ಸಲಕ್ಕೆ 3,000 ಹೆಸರುಗಳವರೆಗೆ ಸೇರಿಸಬಹುದು, ಒಂದು ಖಾತೆಯಲ್ಲಿ ಒಟ್ಟು 25,000 ಹೆಸರುಗಳಿಗೆ ಜಾಗವಿದೆ. ಆದ್ದರಿಂದ ಅಡಿಕೆ ವಹಿವಾಟಿನವರ ದೊಡ್ಡ ಪಟ್ಟಿಯೂ ಈ ಮಿತಿಯನ್ನು ಮುಟ್ಟುವುದು ಅಪರೂಪ. ಇಲ್ಲಿ ನಡೆಯುವುದು ನಕಲು ಮಾತ್ರ. ನೀವಾಗಿ ಅಳಿಸುವವರೆಗೆ ಹಳೆಯ ಖಾತೆಯಲ್ಲಿ ಎಲ್ಲವೂ ಇದ್ದಲ್ಲೇ ಇರುತ್ತದೆ. ಹಾಗಾಗಿ ಸಂಸ್ಥೆ ಖಾತೆ ಮುಚ್ಚುವ ದಿನದವರೆಗೂ ಮತ್ತೆ ಮತ್ತೆ ಪ್ರಯತ್ನಿಸಲು ನಿಮಗೆ ಅವಕಾಶವಿದೆ.

ನಿಮ್ಮ ತೊಂದರೆಯ ಮೂಲ ಬೇರೆ ಕಡೆ ಇದೆ. ಬಾರದೆ ಉಳಿದ ಹೆಸರುಗಳು ದಾರಿಯಲ್ಲಿ ಕಳೆದುಹೋದವಲ್ಲ. ಅವು ನೀವು ಎಕ್ಸ್‌ಪೋರ್ಟ್ ಮಾಡಿದ ಪಟ್ಟಿಯಲ್ಲಿ ಮೊದಲಿನಿಂದಲೂ ಇರಲಿಲ್ಲ. ಫೋನಿನ ಪರದೆ ಹಲವು ಕಡೆ ಇರುವ ಹೆಸರುಗಳನ್ನು ಒಂದೇ ಸಾಲಿನಲ್ಲಿ ಪೋಣಿಸಿ ತೋರಿಸುವುದರಿಂದ ಎಲ್ಲವೂ ಒಂದೇ ಖಾತೆಯಲ್ಲಿವೆ ಎಂಬ ಭ್ರಮೆ ಹುಟ್ಟುತ್ತದೆ.

ಸಂಸ್ಥೆಯ ಖಾತೆಯಾದ್ದರಿಂದ ಮೊದಲು ‘ಡೈರೆಕ್ಟರಿ’ ನೋಡಿ. ನಿಮ್ಮ ಸಹೋದ್ಯೋಗಿಗಳ ಹೆಸರು ಮತ್ತು ವಿಳಾಸಗಳನ್ನು ಸಂಸ್ಥೆಯೇ ಅಲ್ಲಿ ಇಟ್ಟಿರುತ್ತದೆ. ಮೇಲ್ ಬರೆಯಲು ಎರಡು ಅಕ್ಷರ ಒತ್ತುತ್ತಿದ್ದಂತೆ ಅವರ ಹೆಸರು ತಾನಾಗಿ ಮೂಡುತ್ತಿದ್ದುದು ಈ ಕಾರಣದಿಂದ. ಆದರೆ ಅದು ಸಂಸ್ಥೆಯ ಪಟ್ಟಿಯೇ ಹೊರತು ನಿಮ್ಮದಲ್ಲ, ನಿಮ್ಮ ಎಕ್ಸ್‌ಪೋರ್ಟ್ ಕಡತಕ್ಕೆ ಅದು ಬರುವುದಿಲ್ಲ. ಬೇಕಾದವರನ್ನು ಒಬ್ಬೊಬ್ಬರಾಗಿ ಆರಿಸಿ ನಿಮ್ಮ ಸಂಪರ್ಕಗಳಿಗೆ ಸೇರಿಸಿಕೊಂಡ ಮೇಲಷ್ಟೇ ಅವರು ಕಡತದಲ್ಲಿ ಕಾಣಿಸುತ್ತಾರೆ. ಕಚೇರಿಯ ಗ್ರಾಹಕರ ಪಟ್ಟಿಯನ್ನು ಮನೆಗೆ ಒಯ್ಯುವುದಕ್ಕೆ ಸಂಸ್ಥೆಯ ಒಪ್ಪಿಗೆ ಇದೆಯೇ ಎಂಬುದನ್ನೂ ಇದೇ ಹಂತದಲ್ಲಿ ಕೇಳಿಕೊಳ್ಳುವುದು ಲೇಸು. ಸ್ನೇಹಿತರ ನಂಬರು ನಿಮ್ಮದು, ವ್ಯಾಪಾರದ ನಂಬರು ಎಲ್ಲ ಸಲವೂ ನಿಮ್ಮದಾಗಿರುವುದಿಲ್ಲ.

ಎರಡನೆಯದು ‘ಅದರ್ ಕಾಂಟ್ಯಾಕ್ಟ್ಸ್’ ಎಂಬ ವಿಭಾಗ. ನೀವು ಸೇವ್ ಮಾಡದಿದ್ದರೂ, ಮೇಲ್ ವ್ಯವಹಾರ ನಡೆಸಿದವರ ವಿಳಾಸಗಳನ್ನು ಗೂಗಲ್ ಇಲ್ಲಿ ಕೂಡಿಡುತ್ತದೆ. ವರ್ಷಗಟ್ಟಲೆ ಪತ್ರ ಬರೆದವರ ವಿಳಾಸವೂ ಇಲ್ಲೇ ಉಳಿದಿರಬಹುದು, ಏಕೆಂದರೆ ತಾನಾಗಿ ಮೂಡುವ ವಿಳಾಸವನ್ನು ಯಾರೂ ಮತ್ತೆ ಸೇವ್ ಮಾಡುವ ಗೋಜಿಗೆ ಹೋಗುವುದಿಲ್ಲ. ಈ ವಿಭಾಗವನ್ನು ತೆರೆದು, ಬೇಕಾದವರನ್ನು ಗುರುತಿಸಿ, ಮುಖ್ಯ ಪಟ್ಟಿಗೆ ಸೇರಿಸಿ, ಆಮೇಲೆ ಎಕ್ಸ್‌ಪೋರ್ಟ್ ಮಾಡಿ. ಜಾಹೀರಾತಿನ ವಿಳಾಸಗಳೂ ಇಲ್ಲಿ ರಾಶಿ ಬಿದ್ದಿರುತ್ತವೆ, ಆದ್ದರಿಂದ ಎಲ್ಲವನ್ನೂ ಒಟ್ಟಿಗೆ ಬಾಚಿಕೊಳ್ಳುವುದು ಬೇಡ.

ಇನ್ನುಳಿದವು ಫೋನಿನಲ್ಲೇ ಇರುತ್ತವೆ. ಆಂಡ್ರಾಯ್ಡ್ ಫೋನಿನಲ್ಲಿ ಹೊಸ ನಂಬರು ಸೇವ್ ಮಾಡುವಾಗ ಮೇಲ್ಭಾಗದಲ್ಲಿ ‘ಡಿವೈಸ್’, ‘ಸಿಮ್’ ಅಥವಾ ಖಾತೆಯ ಹೆಸರು ಸಣ್ಣದಾಗಿ ಕಾಣುತ್ತದೆ. ‘ಡಿವೈಸ್’ ಎಂದಿದ್ದರೆ ಆ ನಂಬರು ಫೋನಿನೊಳಗೆ ಮಾತ್ರ ಇದೆ. ಸಿಮ್ಮಿನಲ್ಲಿ ಸಾಮಾನ್ಯವಾಗಿ ಹಿಡಿಯುವುದು ಹೆಸರು ಮತ್ತು ನಂಬರು ಅಷ್ಟೇ, ವಿಳಾಸ, ಜನ್ಮದಿನ, ಟಿಪ್ಪಣಿಗಳಿಗೆ ಅಲ್ಲಿ ಜಾಗವಿಲ್ಲ. ಗೂಗಲ್ ಕಾಂಟ್ಯಾಕ್ಟ್ಸ್ ಆ್ಯಪ್‌ನಲ್ಲಿ ಸಿಮ್‌ನಿಂದ ಇಂಪೋರ್ಟ್ ಮಾಡುವ ಆಯ್ಕೆ ಇದೆ, ಡಿವೈಸ್‌ನಲ್ಲಿರುವವನ್ನು ಖಾತೆಗೆ ಸಿಂಕ್ ಮಾಡುವ ಆಯ್ಕೆಯೂ ಇದೆ. ಇವೆರಡನ್ನೂ ನಿಮ್ಮ ಸ್ವಂತ ಖಾತೆಗೇ ನೇರವಾಗಿ ಮಾಡಿ, ಹಳೆಯ ಖಾತೆಯ ಸುತ್ತು ಬೇಕಿಲ್ಲ. ಐಫೋನ್ ಬಳಸುವವರು ಹೊಸ ನಂಬರು ಯಾವ ಖಾತೆಗೆ ಹೋಗುತ್ತಿದೆ ಎಂಬುದನ್ನು ಸೆಟ್ಟಿಂಗ್ಸ್‌ನ ‘ಡೀಫಾಲ್ಟ್ ಅಕೌಂಟ್’ ಎಂಬಲ್ಲಿ ನೋಡಬಹುದು. ವಾಟ್ಸ್‌ಆ್ಯಪ್ ಕೂಡ 2024ರ ಕೊನೆಯಿಂದ ಹೆಸರುಗಳನ್ನು ತನ್ನೊಳಗೇ ಸೇವ್ ಮಾಡಿಕೊಳ್ಳುವ ಸೌಲಭ್ಯವನ್ನು ತರತೊಡಗಿತು. ಹಾಗೆ ಅಲ್ಲಿ ಮಾತ್ರ ಉಳಿಸಿದ ಹೆಸರು ಗೂಗಲ್ ಕಡತದಲ್ಲಿ ಎಷ್ಟು ಹುಡುಕಿದರೂ ಸಿಗುವುದಿಲ್ಲ.

ಈಗ ಕನ್ನಡ ಹೆಸರುಗಳ ವಿಚಾರ. ಇಲ್ಲಿ ಎರಡು ಬಗೆಯ ಕೆಡುಕುಗಳಿವೆ, ಅವುಗಳ ವ್ಯತ್ಯಾಸ ತಿಳಿದಿರಬೇಕು. ಯುಟಿಎಫ್-8 ಎಂಬ ಲಿಪಿ ಸಂಕೇತ ಪದ್ಧತಿಯಲ್ಲಿ ಕನ್ನಡದ ಒಂದೊಂದು ಸಂಕೇತವೂ 3 ಬೈಟ್ (ಕಂಪ್ಯೂಟರಿನಲ್ಲಿ ಜಾಗದ ಅಳತೆ) ತೆಗೆದುಕೊಳ್ಳುತ್ತದೆ. ‘ಹೆಗಡೆ’ ಎಂದು ಬರೆದರೆ ಎರಡು ಎತ್ವಗಳೂ ಸೇರಿ 5 ಸಂಕೇತ, ಅಂದರೆ 15 ಬೈಟ್. ಕೆಲವು ಫೋನುಗಳು ಈಗಲೂ ಹೆಸರುಗಳನ್ನು ವಿಕಾರ್ಡ್ ಎಂಬ ಸಂಪರ್ಕ ಕಡತದ ಮಾದರಿಯ ಹಳೆಯ 2.1 ಆವೃತ್ತಿಯಲ್ಲಿ ಹೊರಹಾಕುತ್ತವೆ, ಆ ಆವೃತ್ತಿ ಪ್ರತಿ ಬೈಟನ್ನೂ ಒಂದು ಸಮ ಚಿಹ್ನೆ ಮತ್ತು ಎರಡು ರೋಮನ್ ಅಕ್ಷರ ಅಥವಾ ಅಂಕಿಗಳಾಗಿ ಬಿಡಿಸಿ ಬರೆಯುತ್ತದೆ. ಕಡತವನ್ನು ತೆರೆದಾಗ ಸಮ ಚಿಹ್ನೆಗಳ ಉದ್ದನೆಯ ಸರಮಾಲೆ ಕಂಡರೆ ಗಾಬರಿಯಾಗಬೇಕಿಲ್ಲ. ಹೆಸರು ಅದರೊಳಗೆ ಕ್ಷೇಮವಾಗಿದೆ, ಅದನ್ನು ಅರ್ಥಮಾಡಿಕೊಳ್ಳುವ ಆ್ಯಪ್‌ಗೆ ಕೊಟ್ಟರೆ ಮತ್ತೆ ಕನ್ನಡವಾಗುತ್ತದೆ. ಪ್ರಶ್ನಾರ್ಥಕ ಚಿಹ್ನೆಗಳು ಹಾಗಲ್ಲ. ಕನ್ನಡ ಹಿಡಿಯದ ಸಂಕೇತ ಪದ್ಧತಿಯಲ್ಲಿ ಕಡತವನ್ನು ಯಾರೋ ಅಥವಾ ಯಾವುದೋ ತಂತ್ರಾಂಶವೋ ಸೇವ್ ಮಾಡಿದೆ ಎಂಬುದಕ್ಕೆ ಅವು ಸಾಕ್ಷಿ. ಮೂಲ ಅಕ್ಷರ ಅಲ್ಲಿಗೆ ಅಳಿದುಹೋಗಿದೆ, ಆ ಕಡತದಿಂದ ಅದನ್ನು ಮರಳಿ ಪಡೆಯಲಾಗದು. ಹಳೆಯ ಖಾತೆಯಿಂದ ಹೊಸದಾಗಿ ಎಕ್ಸ್‌ಪೋರ್ಟ್ ಮಾಡುವುದೊಂದೇ ದಾರಿ.

ಹೆಚ್ಚಿನ ಸಂದರ್ಭಗಳಲ್ಲಿ ಆ ‘ಯಾರೋ’ ನಾವೇ ಆಗಿರುತ್ತೇವೆ. ಇಳಿಸಿದ ಸಿಎಸ್‌ವಿ ಕಡತದಲ್ಲಿ ಏನಿದೆಯೋ ನೋಡೋಣ ಎಂದು ಎರಡು ಸಲ ಕ್ಲಿಕ್ ಮಾಡುತ್ತೇವೆ, ಅದು ಎಕ್ಸೆಲ್‌ನಲ್ಲಿ ತೆರೆದುಕೊಳ್ಳುತ್ತದೆ, ಮುಚ್ಚುವಾಗ ‘ಸೇವ್ ಮಾಡಲೇ’ ಎಂದು ಕೇಳುತ್ತದೆ, ‘ಹೂಂ’ ಅನ್ನುತ್ತೇವೆ. ಅಷ್ಟರಲ್ಲಿ ಕನ್ನಡ ಕೆಡಬಹುದು, ನಂಬರುಗಳೂ ಕೆಡಬಹುದು. ಎಕ್ಸೆಲ್ ಫೋನ್ ನಂಬರನ್ನು ಲೆಕ್ಕದ ಸಂಖ್ಯೆ ಎಂದು ತಿಳಿಯುವುದರಿಂದ ಮುಂದಿನ ಪ್ಲಸ್ ಚಿಹ್ನೆಯನ್ನು ತೆಗೆಯುತ್ತದೆ, ಮೊದಲ ಸೊನ್ನೆಯನ್ನು ನುಂಗುತ್ತದೆ, 91 ಸೇರಿದ 12 ಅಂಕಿಗಳ ನಂಬರನ್ನು ‘9.19ಇ+11’ ಎಂಬಂಥ ರೂಪಕ್ಕೆ ಇಳಿಸುತ್ತದೆ. ಆ ರೂಪದಲ್ಲೇ ಸೇವ್ ಆದರೆ ಕೊನೆಯ ಅಂಕಿಗಳು ಶಾಶ್ವತವಾಗಿ ಹೋದಂತೆ.

ಸೊನ್ನೆ ಹೋದರೆ ಏನು ಮಹಾ ಎನ್ನುವವರು ನಮ್ಮ ಜಿಲ್ಲೆಯ ಸ್ಥಿರ ದೂರವಾಣಿಗಳನ್ನು ನೆನೆಯಬೇಕು. ಘಟ್ಟದ ಮೇಲೆ ಮೊಬೈಲ್ ಸಿಗ್ನಲ್ ಸರಿಯಾಗಿ ಹತ್ತದ ತೋಟದ ಮನೆಗಳಲ್ಲಿ ಲ್ಯಾಂಡ್‌ಲೈನ್ ಇನ್ನೂ ಉಳಿದಿದೆ. ಶಿರಸಿಯ ಎಸ್‌ಟಿಡಿ ಸಂಖ್ಯೆ 08384, ಕಾರವಾರದ್ದು 08382, ಇವುಗಳ ಮುಂದೆ ಬರುವುದು ಆರು ಅಂಕಿ. ಕಾರವಾರದವರ ಫೋನಿನಲ್ಲಿ ಮಡಗಾಂವದ ನಂಬರುಗಳೂ ಇರುವುದು ಸಹಜ. ಗೋವಾದ್ದು 0832, ಮುಂದೆ ಏಳು ಅಂಕಿ. ಸೊನ್ನೆ ಬಿದ್ದುಹೋದ ಕೂಡಲೇ ಈ ಮೂರೂ 8ರಿಂದ ಶುರುವಾಗುವ ಹತ್ತಂಕಿಯ ಸಂಖ್ಯೆಗಳಾಗುತ್ತವೆ, ಭಾರತದ ಮೊಬೈಲ್ ನಂಬರುಗಳೂ 6ರಿಂದ 9ರೊಳಗಿನ ಅಂಕಿಯಿಂದ ಆರಂಭವಾಗುವ ಹತ್ತಂಕಿಗಳೇ. ಆಮೇಲೆ ಯಾವುದು ಮನೆಯ ಫೋನು, ಯಾವುದು ಜೇಬಿನ ಫೋನು ಎಂದು ಕಣ್ಣಳತೆಯಲ್ಲಿ ಹೇಳಲಾಗದು. ಎಲ್ಲ ನಂಬರುಗಳನ್ನೂ ಪ್ಲಸ್ 91 ಸಹಿತ ಇಡುವುದು ಒಳ್ಳೆಯ ರೂಢಿ. ಶಿರಸಿಯ ಲ್ಯಾಂಡ್‌ಲೈನ್ ಆದರೆ ಪ್ಲಸ್ 91, 8384, ಆಮೇಲೆ ಆರು ಅಂಕಿ. ಭಟ್ಕಳ, ಹೊನ್ನಾವರದ ಕಡೆಯಿಂದ ಕೊಲ್ಲಿ ದೇಶಗಳಿಗೆ ಹೋಗಿರುವವರಿಗೆ ಇದು ರೂಢಿಯ ಮಾತಲ್ಲ, ಅಗತ್ಯ. ದುಬೈಯ ಪ್ಲಸ್ 971 ಮತ್ತು ಮಸ್ಕತ್ತಿನ ಪ್ಲಸ್ 968 ನಂಬರುಗಳ ನಡುವೆ ಊರಿನ ಬರಿಯ ಹತ್ತಂಕಿ ಇದ್ದರೆ, ಅಲ್ಲಿನ ಸಿಮ್ ಅದನ್ನು ಆ ದೇಶದ ನಂಬರು ಎಂದೇ ತಿಳಿಯುತ್ತದೆ.

ಕಡತವನ್ನು ತೆರೆಯಲೇಬೇಕಿದ್ದರೆ ಮೊದಲು ಅದರ ಇನ್ನೊಂದು ಪ್ರತಿ ಮಾಡಿ, ಆ ಪ್ರತಿಯನ್ನು ಎಕ್ಸೆಲ್‌ನಂಥದ್ದೇ ಆದ ಲಿಬ್ರೆಆಫೀಸ್ ಕ್ಯಾಲ್ಕ್ ತಂತ್ರಾಂಶದಲ್ಲಿ ತೆರೆಯಿರಿ. ತೆರೆಯುವಾಗಲೇ ಅದು ಲಿಪಿ ಸಂಕೇತ ಯಾವುದು ಎಂದು ಕೇಳುತ್ತದೆ. ಯುಟಿಎಫ್-8 ಆರಿಸಿ, ನಂಬರಿನ ಕಾಲಂಗಳನ್ನು ‘ಟೆಕ್ಸ್ಟ್’ ಎಂದು ಗುರುತಿಸಿ.

ಯಾವ ಬಗೆಯ ಕಡತ ಎಂಬುದು ಹೋಗುವ ಊರನ್ನು ಅವಲಂಬಿಸಿದೆ. ಗೂಗಲ್‌ನಿಂದ ಗೂಗಲ್‌ಗೆ ಆದರೆ ಗೂಗಲ್ ಸಿಎಸ್‌ವಿಯೇ ಸರಿ, ಹೆಸರುಗಳನ್ನು ಗುಂಪು ಮಾಡಲು ನೀವು ಹಚ್ಚಿದ ಲೇಬಲ್‌ಗಳೂ ಅದರಲ್ಲಿ ಬರುತ್ತವೆ. ಚಿತ್ರಗಳನ್ನು ಮಾತ್ರ ಅದರಿಂದ ನಿರೀಕ್ಷಿಸಬೇಡಿ. ಆಪಲ್‌ನ ಐಕ್ಲೌಡ್‌ಗೆ ಆದರೆ ವಿಕಾರ್ಡ್. ಕಂಪ್ಯೂಟರಿನ ಹಳೆಯ ಔಟ್‌ಲುಕ್‌ಗೆ ‘ಔಟ್‌ಲುಕ್ ಸಿಎಸ್‌ವಿ’, ಏಕೆಂದರೆ ನೂರು ಜನರಿರುವ ವಿಕಾರ್ಡ್ ಕಡತ ಕೊಟ್ಟರೂ ಅದು ಮೊದಲನೆಯವರನ್ನಷ್ಟೇ ಓದುತ್ತದೆ. ಆಂಡ್ರಾಯ್ಡ್ ಫೋನಿನ ಕಾಂಟ್ಯಾಕ್ಟ್ಸ್ ಆ್ಯಪ್‌ಗೆ ವಿಕಾರ್ಡ್ ಮಾತ್ರ ಅರ್ಥವಾಗುತ್ತದೆ, ಸಿಎಸ್‌ವಿಗೆ ಕಂಪ್ಯೂಟರೇ ಬೇಕು.

ಈ ಕೆಲಸಕ್ಕೆಂದೇ ಇರುವ ‘ಕಾಂಟ್ಯಾಕ್ಟ್ ಟ್ರಾನ್ಸ್‌ಫರ್’ ಆ್ಯಪ್‌ಗಳನ್ನು ನಾನು ಸಲಹೆ ಮಾಡುವುದಿಲ್ಲ. ಖಾತೆಗಳಲ್ಲೇ ಇರುವ ಸೌಲಭ್ಯಕ್ಕೆ ನಡುವೆ ಒಬ್ಬ ಅಪರಿಚಿತನನ್ನು ತಂದು, ನೆಂಟರಿಷ್ಟರೆಲ್ಲರ ನಂಬರುಗಳನ್ನು ಅವನ ಕೈಗೆ ಕೊಡುವ ಅಗತ್ಯವಿಲ್ಲ. ಕಂಪನಿಗಳಿಗೆ ಈ ಪಟ್ಟಿ ಎಷ್ಟು ಮುಖ್ಯ ಎಂಬುದು 2010ರ ನವೆಂಬರಿನಲ್ಲಿ ಚೆನ್ನಾಗಿಯೇ ಕಂಡಿತ್ತು. ಪಟ್ಟಿಯನ್ನು ಕೊಂಡು ಹೋಗುವ ಫೇಸ್‌ಬುಕ್ ತಿರುಗಿ ಏನನ್ನೂ ಕೊಡುವುದಿಲ್ಲ ಎಂದು ಗೂಗಲ್ ನೇರ ಸಂಪರ್ಕವನ್ನು ಕಡಿದಾಗ, ಫೇಸ್‌ಬುಕ್ ಜನರನ್ನು ಗೂಗಲ್‌ನ ಇದೇ ಎಕ್ಸ್‌ಪೋರ್ಟ್ ಪುಟಕ್ಕೆ ಕಳಿಸಿ, ಕಡತ ಇಳಿಸಿಕೊಂಡು ತನಗೆ ಕೊಡುವಂತೆ ಹೇಳಿತು. ಗೂಗಲ್ ಒಂದು ಎಚ್ಚರಿಕೆಯ ಪುಟವನ್ನು ಅಡ್ಡ ಇಟ್ಟಿತೇ ಹೊರತು ಕಡತ ಇಳಿಸುವುದನ್ನು ತಡೆಯಲಿಲ್ಲ.

ಎಲ್ಲ ಸೇರಿದ ಮೇಲೆ ಒಂದೇ ಎನಿಸುವ ಹೆಸರುಗಳನ್ನು ‘ಮರ್ಜ್’ ಮಾಡಲೇ, ಅಂದರೆ ಒಂದಾಗಿಸಲೇ ಎಂದು ಗೂಗಲ್ ಕೇಳುತ್ತದೆ. ಶಿರಸಿ, ಸಿದ್ದಾಪುರ, ಯಲ್ಲಾಪುರದವರು ಇಲ್ಲಿ ನಿಧಾನಿಸಬೇಕು. ಗಣಪತಿ ಹೆಗಡೆ ಎಂಬ ಹೆಸರಿನವರು ಒಂದೇ ಫೋನಿನಲ್ಲಿ ನಾಲ್ಕೈದು ಜನ ಇರುವುದು ನಮ್ಮಲ್ಲಿ ಹೊಸತಲ್ಲ, ಒಂದೇ ಲ್ಯಾಂಡ್‌ಲೈನ್ ಅಪ್ಪ, ಮಗ, ಅಣ್ಣತಮ್ಮಂದಿರ ಹೆಸರಿನಲ್ಲಿ ಬೇರೆ ಬೇರೆಯಾಗಿ ಸೇವ್ ಆಗಿರುವುದೂ ಉಂಟು. ಎಲ್ಲವನ್ನೂ ಒಟ್ಟಿಗೆ ಒಪ್ಪುವ ಗುಂಡಿ ಒತ್ತಿದರೆ ನಾಲ್ಕು ಊರಿನ ಗಣಪತಿ ಹೆಗಡೆಯರು ಒಬ್ಬರಾಗಿಬಿಡಬಹುದು. ಮರ್ಜ್ ಮಾಡುವ ಮೊದಲು ಹೆಸರಿನ ಮುಂದೆ ಊರು ಅಥವಾ ಮನೆಯ ಹೆಸರು ಸೇರಿಸಿ, ಒಂದೊಂದನ್ನೇ ನೋಡಿ ಒಪ್ಪಿ. ಕೈ ತಪ್ಪಿದರೂ ಗೂಗಲ್ ಕಾಂಟ್ಯಾಕ್ಟ್ಸ್‌ನ ‘ಅನ್‌ಡೂ ಚೇಂಜಸ್’ ಎಂಬ ಆಯ್ಕೆ ಪಟ್ಟಿಯನ್ನು 30 ದಿನಗಳ ಹಿಂದಿನವರೆಗಿನ ಯಾವುದೇ ಸ್ಥಿತಿಗೆ ಮರಳಿಸುತ್ತದೆ, ಆದರೆ ಆ ನಡುವೆ ಸೇರಿಸಿದ ಹೊಸ ನಂಬರುಗಳೂ ಅದರೊಂದಿಗೆ ಹೋಗುತ್ತವೆ ಎಂಬುದನ್ನು ಮರೆಯಬಾರದು.

ಹಳೆಯ ಮತ್ತು ಹೊಸ ಖಾತೆಗಳ ಒಟ್ಟು ಸಂಖ್ಯೆಯನ್ನು ಮರ್ಜ್‌ಗೆ ಮುಂಚೆಯೇ ತಾಳೆ ನೋಡಿ. ಕನ್ನಡದಲ್ಲಿ ಬರೆದ ಹೆಸರುಗಳಲ್ಲಿ ಕೆಲವನ್ನೂ, ಲ್ಯಾಂಡ್‌ಲೈನ್‌ಗಳಲ್ಲಿ ಕೆಲವನ್ನೂ ತೆರೆದು ಪರೀಕ್ಷಿಸಿ. ಹೊಸದಾಗಿ ಬಂದವರಿಗೆಲ್ಲ ಇಂಪೋರ್ಟ್ ಆದ ದಿನಾಂಕವಿರುವ ಒಂದು ಲೇಬಲ್ ತಾನಾಗಿ ಅಂಟಿರುತ್ತದೆ, ಪರೀಕ್ಷೆಗೆ ಅದು ಅನುಕೂಲ. ಕೆಲಸ ಮುಗಿದು ಆ ಲೇಬಲ್ ಬೇಡವೆನಿಸಿದಾಗ ಅಳಿಸಬಹುದು, ಆದರೆ ಅಳಿಸುವಾಗ ಗೂಗಲ್ ಎರಡು ಆಯ್ಕೆಗಳನ್ನು ಮುಂದಿಡುತ್ತದೆ: ಹೆಸರುಗಳನ್ನು ಉಳಿಸಿ ಲೇಬಲ್ ಮಾತ್ರ ತೆಗೆಯುವುದು, ಅಥವಾ ಲೇಬಲ್ ಜೊತೆ ಅದರೊಳಗಿನ ಹೆಸರುಗಳನ್ನೂ ತೆಗೆಯುವುದು. ನಿಮಗೆ ಬೇಕಾದದ್ದು ಮೊದಲನೆಯದು.