ಮುಗಿದ ಸೆಲ್‌ನಲ್ಲಿ ಎಲ್‌ಇಡಿ ಉರಿಯುವುದು ಹೇಗೆ?

ಪ್ರಶ್ನೆ: ರಿಮೋಟ್‌ನಿಂದ ತೆಗೆದುಹಾಕಿದ ಸೆಲ್‌ಗೆ ಜೂಲ್ ಥೀಫ್ (ಕಡಿಮೆ ವೋಲ್ಟೇಜನ್ನು ಏರಿಸಿಕೊಡುವ ಪುಟ್ಟ ಸರ್ಕ್ಯೂಟ್) ಜೋಡಿಸಿದರೆ ಬಿಳಿ ಎಲ್‌ಇಡಿ ಉರಿಯುತ್ತದೆ. ಹಾಗಾದರೆ ಅದು ಇಲ್ಲದ ಶಕ್ತಿಯನ್ನು ಹುಟ್ಟಿಸುತ್ತದೆಯೇ?

ಉತ್ತರ: ಇಲ್ಲ. ಇದೇ ಉತ್ತರವನ್ನು ಎಷ್ಟು ಸಲ ಬರೆದರೂ ಪ್ರಶ್ನೆ ಮಾತ್ರ ತಪ್ಪದೆ ಮರಳಿ ಬರುತ್ತದೆ. ಆದ್ದರಿಂದ ಈ ಸಲ ಲೆಕ್ಕ ಹಾಕಿಯೇ ತೋರಿಸುತ್ತೇನೆ.

ಸೆಲ್‌ನ ವೋಲ್ಟೇಜ್ ಇಳಿದಾಗ ಉಪಕರಣ ನಿಲ್ಲುತ್ತದೆಯೇ ಹೊರತು ಸೆಲ್ ಬರಿದಾಗಿರುವುದಿಲ್ಲ. ಆದರೆ ಬಿಳಿ ಎಲ್‌ಇಡಿಗೆ ಸುಮಾರು 3 ವೋಲ್ಟ್ ಬೇಕು; ಆ ಕೊರತೆಯನ್ನು ಸರ್ಕ್ಯೂಟ್ ತುಂಬುವುದು ಹೀಗೆ. ಫೆರೈಟ್ ಉಂಗುರದ ಮೇಲಿನ ಸುರುಳಿಯಲ್ಲಿ ಕರೆಂಟ್ ಏರುತ್ತಿರುವಾಗ ಎರಡನೆಯ ಸುರುಳಿ ಟ್ರಾನ್ಸಿಸ್ಟರ್‌ನ ಬೇಸ್ ಅನ್ನು (ಅದನ್ನು ಆನ್-ಆಫ್ ಮಾಡುವ ತುದಿ) ಇನ್ನಷ್ಟು ಪ್ರಚೋದಿಸುತ್ತದೆ; ಏರಿಕೆ ನಿಂತೊಡನೆ ಟ್ರಾನ್ಸಿಸ್ಟರ್ ಥಟ್ಟನೆ ಆಫ್ ಆಗಿ, ಕುಸಿಯುವ ಕಾಂತಕ್ಷೇತ್ರ ಹುಟ್ಟಿಸುವ ವೋಲ್ಟೇಜ್ ಸೆಲ್‌ನದರೊಡನೆ ಕೂಡಿ ಎಲ್‌ಇಡಿಯನ್ನು ಬೆಳಗುತ್ತದೆ. ಸೆಕೆಂಡಿಗೆ ಸಾವಿರಾರು ಬಾರಿ ಹೀಗಾಗುವುದರಿಂದ ಕಣ್ಣಿಗೆ ಮಿನುಗು ಕಾಣುವುದಿಲ್ಲ.

ವೋಲ್ಟೇಜ್ ಏರಿದ್ದರಿಂದ ಶಕ್ತಿಯೂ ಏರಿತು ಎಂದು ತಿಳಿಯುವುದೇ ತಪ್ಪು. ಸೆಲ್‌ನಿಂದ 1.2 ವೋಲ್ಟ್‌ನಲ್ಲಿ 50 ಮಿಲಿಆಂಪ್ ಎಳೆದರೆ ಒಳಹೋದದ್ದು 60 ಮಿಲಿವ್ಯಾಟ್. ಒಂದಿಷ್ಟೂ ನಷ್ಟವಾಗದಿದ್ದರೂ 3.2 ವೋಲ್ಟ್‌ನ ಎಲ್‌ಇಡಿಗೆ ಸರಾಸರಿ 19 ಮಿಲಿಆಂಪ್ ದಾಟುವಂತಿಲ್ಲ. ನಷ್ಟವಂತೂ ಇದ್ದೇ ಇದೆ. ಈ ರೂಪವನ್ನು 1999ರ ನವೆಂಬರ್‌ನಲ್ಲಿ ‘ಎವೆರಿಡೇ ಪ್ರಾಕ್ಟಿಕಲ್ ಎಲೆಕ್ಟ್ರಾನಿಕ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಝಡ್. ಕಪಾರ್ನಿಕ್ ಅವರೇ ಝಡ್‌ಟಿಎಕ್ಸ್650 ಟ್ರಾನ್ಸಿಸ್ಟರ್‌ನಲ್ಲಿ ಶೇ 79, ಬಿಸಿ550ರಲ್ಲಿ ಶೇ 57 ದಕ್ಷತೆಯನ್ನಷ್ಟೇ ವರದಿ ಮಾಡಿದ್ದರು. ಆರಿದ ಎಲ್‌ಇಡಿ ಮಾರನೆಯ ದಿನ ಮತ್ತೆ ಉರಿಯಿತೆಂದು ವಾದಿಸುವವರೂ ಇದ್ದಾರೆ. ವಿಶ್ರಾಂತಿ ಸಿಕ್ಕಿದ ಸೆಲ್‌ನ ವೋಲ್ಟೇಜ್ ತುಸು ಚೇತರಿಸಿಕೊಳ್ಳುವುದು ರಸಾಯನದ ಕೆಲಸ, ಸರ್ಕ್ಯೂಟಿನದಲ್ಲ. ಇನ್ನು ಮಿಡಿಯುವ ಔಟ್‌ಪುಟ್‌ಗೆ ಸಾಧಾರಣ ಮಲ್ಟಿಮೀಟರ್ ಹಿಡಿದು ಬರುವ ಅಂಕಿಯನ್ನು ದಯವಿಟ್ಟು ಪುರಾವೆಯೆಂದು ಕಳುಹಿಸಬೇಡಿ; ಅಂಥ ಮಿಡಿತವನ್ನು ಅದು ಸರಿಯಾಗಿ ಅಳೆಯಲಾರದು.

ಮೂಲ ತತ್ತ್ವವೂ ಹೊಸದಲ್ಲ. ಟ್ರಾನ್ಸಿಸ್ಟರ್‌ಗಿಂತ ಹಿಂದಿನ ವಾಲ್ವ್ ಕಾಲದ ಟೀವಿಗಳಲ್ಲೇ ಹೀಗೆ ತಾನೇ ಆನ್-ಆಫ್ ಆಗುವ ಸರ್ಕ್ಯೂಟ್, ಅಂದರೆ ಬ್ಲಾಕಿಂಗ್ ಆಸಿಲೇಟರ್, ಬಳಕೆಯಲ್ಲಿತ್ತು. ಜೂಲ್ ಥೀಫ್ ಎಂಬ ಹೆಸರನ್ನು ಕ್ಲೈವ್ ಮಿಚೆಲ್ ಆಮೇಲೆ ಇಟ್ಟರು. ಔಟ್‌ಪುಟ್‌ಗೆ ಡಯೋಡ್ ಮತ್ತು ಕೆಪಾಸಿಟರ್ ಸೇರಿಸಿ ನೇರ ಡಿಸಿ ಪಡೆಯುವುದು, ಸಿಲಿಕಾನ್ ಬದಲು ಜರ್ಮೇನಿಯಂ ಟ್ರಾನ್ಸಿಸ್ಟರ್ ಹಾಕಿ ಇನ್ನೂ ಕಡಿಮೆ ವೋಲ್ಟೇಜ್‌ನಲ್ಲಿ ಓಡಿಸುವುದು ಪ್ರಚಲಿತ ಮಾರ್ಪಾಡುಗಳು. ಕಟ್ಟಿದ್ದು ಉರಿಯದಿದ್ದರೆ ಮೊದಲು ಒಂದು ಸುರುಳಿಯ ಎರಡು ತುದಿಗಳನ್ನು ಅದಲುಬದಲು ಮಾಡಿ ನೋಡಿ. ಬಹುಪಾಲು ದೂರುಗಳು ಅಲ್ಲಿಗೇ ಮುಗಿಯುತ್ತವೆ.

ಯಾರೂ ಕೇಳದ, ಆದರೆ ಕೇಳಬೇಕಾದ ಪ್ರಶ್ನೆಯೊಂದಿದೆ: ಸರ್ಕ್ಯೂಟ್ ಓಡುತ್ತಿರುವಾಗಲೇ ಎಲ್‌ಇಡಿ ಕಿತ್ತರೆ ಏನಾಗುತ್ತದೆ? ಸುರುಳಿಯ ಶಕ್ತಿಗೆ ಹೋಗಲು ದಾರಿಯಿಲ್ಲದೆ ಟ್ರಾನ್ಸಿಸ್ಟರ್‌ನ ಕಲೆಕ್ಟರ್‌ನಲ್ಲಿ (ಸುರುಳಿ ಸೇರುವ ತುದಿ) ವೋಲ್ಟೇಜ್ ಹತ್ತಾರು ವೋಲ್ಟ್‌ಗೆ ನೆಗೆದು ಅದು ಕೆಡಬಹುದು. ಮೊದಲು ಸೆಲ್ ತೆಗೆಯಿರಿ, ಆಮೇಲೆ ಎಲ್‌ಇಡಿ.